ಒಲೆ ಹೊತ್ತಿಸದ ಸಿಹಿ

"ಹಾಲು ಬೇಡ, ತುಪ್ಪ ಬೇಡ, ಒಲೆ ನೀನು ಹೊತ್ತಿಸಬೇಡ. ಮತ್ತೆ ಏನು ಬೇಕಾದರೂ ಮಾಡು" ಎಂದು ಅಜ್ಜಿಯ ಮಗಳು ನಗುತ್ತಾ ಹೇಳಿದರು. ಅಂದು 2012ರ ಸೆಪ್ಟೆಂಬರ್ 16, ಭಾನುವಾರ. ಸಂಜೆಯಿಂದ ಯಹೂದಿಗಳ ಹೊಸ ವರ್ಷ ರೋಷ್ ಹಶಾನಾ. ಅದೇ ಬುಧವಾರ ನಮ್ಮೂರಲ್ಲಿ ಚೌತಿ. ಕುಂಬಳೆ ಕಡೆಯವಳಾದ ನಾನು ಆಗ ಇಸ್ರೇಲಿನ ನೆವಾತಿಮ್ ಎಂಬ ಹಳ್ಳಿಯಲ್ಲಿ, ಪಾರ್ಶ್ವವಾಯು ಬಡಿದ ಅಜ್ಜಿಯೊಬ್ಬರ ಆರೈಕೆಗಿದ್ದೆ.

ನೆವಾತಿಮ್ ಮರುಭೂಮಿಯ ಅಂಚಿನ ಊರು. ಕೊಚ್ಚಿ ಸೀಮೆಯ ಯಹೂದಿಗಳು 1954ರಲ್ಲಿ ಬಂದು ನೆಲೆಸಿದ್ದು ಅಲ್ಲಿ. ಈ ಅಜ್ಜಿಯೂ ಆ ವರ್ಷ ಹದಿನೆಂಟರ ಹುಡುಗಿಯಾಗಿ ಬಂದವರು. ಅವರ ಮನೆಮಾತು ಮಲಯಾಳ. ಕಾಯಿಲೆಯ ಮೇಲೆ ಹೀಬ್ರೂ ಮರೆಯುತ್ತಾ ಬಂದು ಕೊನೆಗೆ ಉಳಿದದ್ದೂ ಮಲಯಾಳವೇ. ಮೊಮ್ಮಕ್ಕಳಿಗೆ ಅದು ಬಾರದು. ನಾನು ಕಾಸರಗೋಡಿನವಳು ಎಂದ ದಿನ ಅಜ್ಜಿ ಸ್ವಲ್ಪ ಯೋಚಿಸಿ, "ನಾನು ಹೊರಡುವಾಗ ನಿಮ್ಮೂರು ನಮ್ಮ ಕಡೆ ಇರಲಿಲ್ಲವಲ್ಲ ಮೋಳೆ" ಎಂದರು. ನಿಜವೇ. ಅವರು ಬಿಟ್ಟದ್ದು ತಿರುವಿದಾಂಕೂರು-ಕೊಚ್ಚಿಯನ್ನು. ನಾವಾಗ ಮದರಾಸಿನ ದಕ್ಷಿಣ ಕನ್ನಡದವರು. 1956ರ ನವೆಂಬರ್ 1 ಬರಲು ಇನ್ನೂ ಎರಡು ವರ್ಷವಿತ್ತು.

ಕೋಷರ್ ಅಡುಗೆಮನೆಯಲ್ಲಿ ಹಾಲಿಗೂ ಮಾಂಸಕ್ಕೂ ಬೇರೆ ಬೇರೆ ಪಾತ್ರೆ, ಬೇರೆ ಬೇರೆ ಚಮಚ. ನಮ್ಮ ಅಜ್ಜಿಯ ಮಡಿ, ಮುಸುರೆಗಳನ್ನು ಕಂಡ ನನಗೆ ಇದು ತೀರ ಹೊಸತೇನಲ್ಲ. ಆದರೂ ಮೊದಲ ವಾರವೇ ಮಾಂಸದ ಪಾತ್ರೆಯಲ್ಲಿ ಹಾಲು ಕಾಯಿಸಿಬಿಟ್ಟೆ. ಯಾರೂ ಬೈಯಲಿಲ್ಲ. ಪಾತ್ರೆಯನ್ನು ಬದಿಗಿಟ್ಟು, ಏನು ಮಾಡಬೇಕೆಂದು ರಬ್ಬಿಯವರನ್ನು ಕೇಳಲು ಹೋದರು. ಬೈದಿದ್ದರೇ ವಾಸಿಯಿತ್ತು. ಅಂದಿನಿಂದ ಕೇಳದೆ ಏನನ್ನೂ ಮುಟ್ಟುತ್ತಿರಲಿಲ್ಲ. ಹಬ್ಬಕ್ಕೊಂದು ಸಿಹಿ ಮಾಡುವ ಆಸೆಯನ್ನೂ ಅಂಜುತ್ತಲೇ ಹೇಳಿದ್ದೆ.

ಅವರ ಮೂರು ಬೇಡಗಳನ್ನು ಕೇಳಿದಾಗ ನನಗೆ ಹೊಳೆದದ್ದು ಬಾಳೆಹಣ್ಣಿನ ರಸಾಯನ. ಮಾಂಸದ ಊಟದ ಮೇಲೆ ಹಾಲು ತುಪ್ಪ ಸಲ್ಲದು. ಆದರೆ ಹಣ್ಣು, ತೆಂಗಿನಕಾಯಿ ಎರಡು ಕಡೆಗೂ ಸೇರದವು. ಅದಕ್ಕೆ ಪರ್ವೆ ಎನ್ನುತ್ತಾರೆ. ಬೇರೆ ಮತದವರು ಬೇಯಿಸಿದ ಅಡುಗೆಗೂ ನಿಯಮಗಳಿವೆ. ರಸಾಯನಕ್ಕೆ ಬೇಯಿಸುವ ಕೆಲಸವೇ ಇಲ್ಲ.

ಹೊತ್ತು ಮುಳುಗುವ ಮೊದಲು ಎಲ್ಲ ಮುಗಿಯಬೇಕಿತ್ತು. 15 ಖರ್ಜೂರಗಳನ್ನು ಒಂದೊಂದಾಗಿ ಸೀಳಿ, ಹುಳು ಇಲ್ಲವೆಂದು ಬೆಳಕಿಗೆ ಹಿಡಿದು ನೋಡಿ ಹೆಚ್ಚಿದೆ. ಹುಳು ಹೊಟ್ಟೆಗೆ ಹೋದರೆ ಅದೂ ಕೋಷರ್ ಅಲ್ಲ. ಕಾಯಿಹಾಲು 2 ಡಬ್ಬಿ, ಕೋಷರ್ ಮುದ್ರೆ ನೋಡಿ ತಂದದ್ದು. ಬೆಲ್ಲವಿಲ್ಲದ್ದರಿಂದ ಅರ್ಧ ಲೋಟ ಸಿಲಾನ್ ಎಂಬ ಖರ್ಜೂರದ ಪಾಕ ಬೆರೆಸಿದೆ. ಏಲಕ್ಕಿ ನಾಲ್ಕು, ಚಿಟಿಕೆ ಉಪ್ಪು. ಎಳ್ಳು ಹುರಿಯಲು ಒಲೆ ಬೇಕು, ಅದನ್ನು ಬಿಟ್ಟೆ. 8 ಬಾಳೆಹಣ್ಣನ್ನು ಎಲ್ಲಕ್ಕಿಂತ ಕೊನೆಗೆ ಹೆಚ್ಚಿ ಹಾಕಿದೆ, ಇಲ್ಲವಾದರೆ ಕಪ್ಪಾಗುತ್ತದೆ. ಮೇಲಿನಿಂದ ದಾಳಿಂಬೆಯ ಕಾಳು ಉದುರಿಸಿದೆ. ಬಾದಾಮಿ ಹಾಲನ್ನು ಮಾಂಸದೊಡನೆ ಬಡಿಸುವಾಗ, ಕಂಡವರು ತಪ್ಪು ತಿಳಿಯದಂತೆ ಪಕ್ಕದಲ್ಲಿ ಬಾದಾಮಿ ಇಡಬೇಕೆಂಬುದು ಅವರ ಹಳೆಯ ಕ್ರಮ. ಅದರಂತೆ ಅಜ್ಜಿಯ ಮಗಳು ತೆಂಗಿನಕಾಯಿಯ ನಾಲ್ಕು ಹೋಳುಗಳನ್ನು ಪಾತ್ರೆಯ ಪಕ್ಕ ಇಟ್ಟರು.

ರಾತ್ರಿ ಜೇನಿನಲ್ಲದ್ದಿದ ಸೇಬು, ಖರ್ಜೂರ, ದಾಳಿಂಬೆಗಳಿಗೆ ಪ್ರಾರ್ಥನೆ ಹೇಳಿ ತಿಂದು, ಊಟವೂ ಆದ ಮೇಲೆ ರಸಾಯನ ಬಂತು. ಅಜ್ಜಿಗೆ ನಾನೇ ಚಮಚದಲ್ಲಿ ಕೊಟ್ಟೆ. ಎರಡನೆಯ ಚಮಚಕ್ಕೆ ಅವರು ನನ್ನ ಕೈ ಹಿಡಿದು ನಿಲ್ಲಿಸಿದರು. "ತೇಙಾಪಾಲ್" ಎಂದರು. ಮತ್ತೆ ತಡೆತಡೆದು, ಹೊಳೆಯ ದಂಡೆಯ ಮನೆ, ಕಾಯಿ ತುರಿಯುತ್ತಾ ಹಾಡುತ್ತಿದ್ದ ತಾಯಿ, ಹಾಡುಗಳನ್ನು ಬರೆದಿಟ್ಟಿದ್ದ ಒಂದು ನೋಟ್ ಪುಸ್ತಕ, ಹೀಗೆ ಹೇಳುತ್ತಲೇ ಹೋದರು.

ಮೊಮ್ಮಕ್ಕಳು ನನ್ನ ಮುಖ ನೋಡಿದರು. "ಸಾವ್ತಾ ಏನು ಹೇಳುತ್ತಿದ್ದಾಳೆ?" ನನ್ನ ಮುರುಕು ಹೀಬ್ರೂವಿನಲ್ಲಿ ಹೇಳಿದೆ. ಕನ್ನಡ ಶಾಲೆಯಲ್ಲಿ ಕಲಿತು, ಬಸ್ಸಿನಲ್ಲೂ ಕಚೇರಿಯಲ್ಲೂ ಮನಸ್ಸಿಲ್ಲದ ಮನಸ್ಸಿನಿಂದ ಮಲಯಾಳ ಕಲಿತವಳು ನಾನು. ಆ ಮಕ್ಕಳ ಅಜ್ಜಿಯ ಮಾತನ್ನು ಅವರಿಗೆ ತಿಳಿಸಲು ಆ ಮನೆಯಲ್ಲಿ ಇದ್ದದ್ದು ನಾನೊಬ್ಬಳೇ. ಕಣ್ಣು ತುಂಬಿತು. ಅಜ್ಜಿಗಾಗಿ ಮಾತ್ರ ಎಂದು ಹೇಳಲಾರೆ.

ಮುಂದಿನ ವರ್ಷ ಅಜ್ಜಿ ತೀರಿಕೊಂಡರು. ನಾನು ಊರಿಗೆ ಮರಳಿದೆ. ಈಗ ಬೆಲ್ಲ ಹಾಕಿ, ಎಳ್ಳು ಹುರಿದು ರಸಾಯನ ಮಾಡುತ್ತೇನೆ. ಮಗಳಿಗೂ ಅದು ಇಷ್ಟ. ನಾನು ದೂರವಿದ್ದ ವರ್ಷಗಳಲ್ಲಿ ಅನುಕೂಲವೆಂದು ಅವಳನ್ನು ಮಲಯಾಳ ಶಾಲೆಗೆ ಸೇರಿಸಿದ್ದರು. ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ, ಓದಲು ಬಾರದು. ಈ ವಾರ್ಷಿಕ ಸಂಚಿಕೆ ಮನೆಗೆ ಬಂದಾಗ ಅವಳು ಮಲಯಾಳದ ಪುಟಗಳನ್ನು ಓದಿ ಮುಗಿಸುತ್ತಾಳೆ. ಈ ಪುಟಗಳನ್ನು ನಾನೇ ಓದಿ ಹೇಳಬೇಕು.