ದಾಂಡೇಲಿಗೆ ಸಂಸಾರ ಸಮೇತ

ರಜೆ ಬಂತೆಂದರೆ ಮಕ್ಕಳಿಗೆ ಸಮುದ್ರವೇ ಬೇಕು. ದಾಂಡೇಲಿ, ಜೊಯಿಡಾಗಳಲ್ಲಿ ಸಮುದ್ರವಿಲ್ಲ, ಕಾಳಿ ನದಿಯಿದೆ. ಜೊಯಿಡಾ ತಾಲೂಕಿನ ಡಿಗ್ಗಿಯಲ್ಲಿ ಹುಟ್ಟಿ, ಸುಮಾರು 184 ಕಿ.ಮೀ. ಹರಿದು ಕಾರವಾರದಲ್ಲಿ ಕಡಲು ಸೇರುವ ನದಿ. ಇದರ ಆಸುಪಾಸಿನಲ್ಲಿ ಮನೆಯವರೇ ನಡೆಸುವ ಸಣ್ಣ ಹೋಮ್‌ಸ್ಟೇಗಳಿವೆ. ಮಕ್ಕಳು, ಮುದುಕರನ್ನು ಕರೆದುಕೊಂಡು ಹೋಗುವವರಿಗೆ ದೊಡ್ಡ ರೆಸಾರ್ಟಿಗಿಂತ ಇವೇ ವಾಸಿ.

ಆದರೆ ಸಹೋದರಿ, ಮುಂಗಡ ಕೊಡುವ ಮೊದಲು ಊಟದ ಮಾತು ಮುಗಿಸಿಬಿಡಿ. ಹಲಾಲ್ ಕೋಳಿ ಸಿಗದಿದ್ದರೆ ಅನ್ನ, ಮೀನು ಸಾರು, ಪಲ್ಯ ಸಾಕೆನ್ನಿ. "ಅಡುಗೆ ನಾವೇ ಮಾಡಿಕೊಳ್ಳುತ್ತೇವೆ" ಎಂದು ನಿಮ್ಮ ಯಜಮಾನರು ಒಪ್ಪಿಬಂದರೋ, ಸ್ಟವ್, ಕುಕ್ಕರ್, ಮಸಾಲೆ ಡಬ್ಬಿ ಎಲ್ಲವೂ ನಿಮ್ಮ ತಲೆಗೇ. ಎಲ್ಲರೂ ನದಿ ನೋಡಲು ಹೋದಾಗ ನೀವು ಈರುಳ್ಳಿ ಹೆಚ್ಚುತ್ತಾ ಕೂತರೆ ಅದೆಂಥ ಪ್ರವಾಸ?

ಇದಕ್ಕಿಂತ ದೊಡ್ಡ ವಿಷಯ ನೀರಿನದು. ಮೇಲ್ಗಡೆ ಸೂಪಾ ಅಣೆಕಟ್ಟಿದೆ. ವಿದ್ಯುತ್ತಿಗಾಗಿ ನೀರು ಬಿಟ್ಟಾಗ ಕೆಳಗೆ ನದಿ ಏರುತ್ತದೆ. ಗಣೇಶಗುಡಿಯಲ್ಲಿ ರ್‍ಯಾಫ್ಟಿಂಗ್ ನಡೆಯುವುದೂ ಆ ನೀರಿನಿಂದಲೇ. ಮಳೆಯ ಸುಳಿವಿಲ್ಲದ ಬಿಸಿಲಿನಲ್ಲೂ, ಮಕ್ಕಳು ಈಗಷ್ಟೇ ಕೂತಿದ್ದ ಬಂಡೆ ಮುಳುಗಿಹೋಗಬಹುದು. ದಾಂಡೇಲಿ ಕಡೆಯ ನೀರಿನಲ್ಲಿ ಮೊಸಳೆಗಳೂ ಇವೆ. ಹಾಗಾಗಿ ಎಲ್ಲಿ ಇಳಿಯಬಹುದು, ಯಾವಾಗ ಇಳಿಯಬಾರದು ಎಂದು ಮನೆಯ ಹೆಂಗಸರನ್ನೇ ಕೇಳಿ. ದಿನಾ ನದಿ ನೋಡುವವರು ಅವರು. ಬೇಡವೆಂದರೆ ಮಕ್ಕಳು ಎಷ್ಟು ಅತ್ತರೂ ಬೇಡ.

ಸಮುದ್ರಕ್ಕೆ ಮರುದಿನ ಹೋಗಬಹುದು. ಜೊಯಿಡಾ, ಅಣಶಿ, ಕದ್ರಾ ದಾರಿಯಾಗಿ ಘಟ್ಟ ಇಳಿದರೆ ಕಾರವಾರ. ದಾರಿಯುದ್ದಕ್ಕೂ ದಟ್ಟ ಕಾಡು, ಮಳೆಗಾಲದಲ್ಲಿ ಗುಡ್ಡ ಕುಸಿಯುವುದೂ ಉಂಟು. ಬೆಳಗಿನ ನಾಷ್ಟಾ ಮುಗಿಸಿ ಬೇಗ ಹೊರಡಿ.