ಗೊಂಬೆಯ ಬುಡ

ದೀಪಾವಳಿ ಹತ್ತಿರ ಬಂತೆಂದರೆ ಸೊಲ್ಲಾಪುರ, ಅಕ್ಕಲಕೋಟದ ಓಣಿಗಳಲ್ಲಿ ಮಕ್ಕಳ ಮೈಯೆಲ್ಲ ಮಣ್ಣಾಗುತ್ತದೆ. ಅಂಗಳದ ಮೂಲೆಯಲ್ಲಿ ಕಲ್ಲು, ಇಟ್ಟಿಗೆಯ ಚೂರು ಪೇರಿಸಿ, ಮೇಲೆ ಹಳೆಯ ಗೋಣಿತಟ್ಟು ಹೊದಿಸಿ, ಕೆಸರು ಮೆತ್ತಿ ಕಿಲ್ಲೆ ಕಟ್ಟುವುದು ಮಹಾರಾಷ್ಟ್ರದ ಮಕ್ಕಳ ಹಬ್ಬದ ಸಡಗರ. ಇಳಿಜಾರಿನಲ್ಲಿ ಸಾಸಿವೆ ಚೆಲ್ಲಿ ಹಸಿರು ಬೆಳೆಸುತ್ತಾರೆ. ನೆತ್ತಿಯ ಮೇಲೆ ಶಿವಾಜಿ ಮಹಾರಾಜರನ್ನು ಕೂಡಿಸಿ, ಮೆಟ್ಟಿಲು ಬುರುಜುಗಳ ಮೇಲೆ ಮಾವಳೆ ಸಿಪಾಯಿಗಳನ್ನು ನಿಲ್ಲಿಸುತ್ತಾರೆ. ಮನೆಯಲ್ಲಿ ಕನ್ನಡ ಮಾತಾಡುವ ನಮ್ಮ ಮಕ್ಕಳೂ ಈ ಸಡಗರದಲ್ಲಿ ಹಿಂದೆ ಬಿದ್ದವರಲ್ಲ. ನೋಡಲು ಬಂದವರು ಗೊಂಬೆಯ ಮೀಸೆ ನೋಡುತ್ತಾರೆ, ಪೇಟ ನೋಡುತ್ತಾರೆ, ಕತ್ತಿ ನೋಡುತ್ತಾರೆ. ಅದರ ಕಾಲ ಕೆಳಗಿನ ಬಿಲ್ಲೆಯನ್ನು ಯಾರೂ ನೋಡುವುದಿಲ್ಲ. ನಾವೂ ನೋಡಿದವರಲ್ಲ. ಕಳೆದ ದೀಪಾವಳಿಯಲ್ಲಿ ಆ ಬಿಲ್ಲೆಯೇ ನಮಗೆ ಪಾಠ ಕಲಿಸಿತು. ವಿದ್ಯಾರ್ಥಿ ಮಿತ್ರರೇ, ಪಾಲಕರೇ, ಆ ಪಾಠವನ್ನು ಇಲ್ಲಿ ಒಪ್ಪಿಸುತ್ತಿದ್ದೇವೆ.

ಪ್ರಥಮ ಸತ್ರದ ಪರೀಕ್ಷೆ ಮುಗಿದಿತ್ತು. ರಜೆಗೆ ಮುಂಚೆ ಶಾಲೆಯ ಆವರಣದಲ್ಲಿ ಒಂದು ಕಿಲ್ಲೆ ಕಟ್ಟಬೇಕೆಂದು ಎಂಟು ಮತ್ತು ಒಂಬತ್ತನೆಯ ತರಗತಿಯ ಮಕ್ಕಳು ಹಟ ಹಿಡಿದರು. ಯಾವ ಕಿಲ್ಲೆ ಎಂಬಲ್ಲಿಯೇ ಮೊದಲ ಜಗಳ. ಹುಡುಗರಿಗೆ ಪನ್ಹಾಳದಿಂದ ವಿಶಾಳಗಡಕ್ಕೆ ಹೋಗುವ ದಾರಿಯ ಕಣಿವೆ ಬೇಕು. 1660ರ ಜುಲೈ ತಿಂಗಳಲ್ಲಿ ಬಾಜೀಪ್ರಭು ದೇಶಪಾಂಡೆ ಕೆಲವೇ ಜನರೊಡನೆ ಆ ಇಕ್ಕಟ್ಟಿನಲ್ಲಿ ನಿಂತು, ಬೆನ್ನಟ್ಟಿ ಬಂದ ಬಿಜಾಪುರದ ಸೈನ್ಯವನ್ನು ತಡೆದ. ಶಿವಾಜಿ ಮಹಾರಾಜರು ವಿಶಾಳಗಡ ಮುಟ್ಟಿದರು. ಬಾಜೀಪ್ರಭು ಅಲ್ಲಿಯೇ ಮಡಿದ. ಹುಡುಗಿಯರಿಗೆ ಚಿತ್ರದುರ್ಗ ಬೇಕು. ಹೈದರಾಲಿಯ ಸೈನಿಕರು ಕಳ್ಳಗಂಡಿಯಿಂದ ಒಬ್ಬೊಬ್ಬರಾಗಿ ನುಸುಳಿ ಬರುತ್ತಿದ್ದಾಗ, ಕಾವಲುಗಾರನ ಹೆಂಡತಿ ಓಬವ್ವ ಒನಕೆ ಹಿಡಿದು ನಿಂತ ಕಥೆ ಅವರಿಗೆ ಬಾಯಿಪಾಠ. ಕೊನೆಗೆ ಒಂದೇ ಗುಡ್ಡಕ್ಕೆ ಎರಡು ಮುಖ ಎಂದು ತೀರ್ಮಾನವಾಯಿತು. ಮುಂದೆ ಕಣಿವೆ, ಹಿಂದೆ ಕಿಂಡಿ. ನಾವು ಅದನ್ನು ಜಾಣತನದ ರಾಜಿ ಎಂದುಕೊಂಡೆವು. ಎರಡು ಕಥೆಗಳ ಜೀವಾಳವೂ ಒಂದೇ, ಅದು ಇಕ್ಕಟ್ಟಾದ ಜಾಗ ಎಂಬುದು ಆಗ ನಮಗೆ ಹೊಳೆಯಲಿಲ್ಲ.

ಗೊಂಬೆಗಳನ್ನು ಪೇಟೆಯಿಂದ ತರದೆ ಮಕ್ಕಳೇ ಜೇಡಿಮಣ್ಣಿನಲ್ಲಿ ಮಾಡಿದರು. ಒಂದೊಂದೂ ಆರು ಸೆಂಟಿಮೀಟರ್ ಎತ್ತರ. ಕುಂಬಾರರ ಮನೆಯ ಒಬ್ಬ ಹುಡುಗಿ ಓಬವ್ವನನ್ನು ಮಾಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಕಾಲು ಮುಂದಿಟ್ಟು, ಒನಕೆಯನ್ನು ತಲೆಯ ಮೇಲೆತ್ತಿದ ಆ ಗೊಂಬೆಯನ್ನು ನೋಡಿ ಮುಖ್ಯಗುರುಗಳೂ ಭಲೆ ಎಂದರು.

ಆದರೆ ಗೊಂಬೆಗಳು ನಿಲ್ಲಲೊಲ್ಲವು. ಇಳಿಜಾರಿನಲ್ಲಿ ಇಟ್ಟರೆ ಮುಗ್ಗರಿಸಿದವು. ಪಾದ ಹೂಳಿ ನಿಲ್ಲಿಸಿದರೆ ಸಾಸಿವೆಗೆ ಹಾಕಿದ ನೀರಿಗೆ ಪಾದವೇ ಕರಗಿತು. ಆಗ ನಾವು ಅಪ್ಪಣೆ ಮಾಡಿದೆವು: ಎಲ್ಲ ಗೊಂಬೆಗಳಿಗೂ ಪ್ಲೈವುಡ್ಡಿನ ದುಂಡು ಬುಡ, ಎಲ್ಲವೂ ಕೇರಂ ಸ್ಟ್ರೈಕರಿನ ಅಳತೆ, ಅಂದರೆ ನಾಲ್ಕು ಸೆಂಟಿಮೀಟರಿಗೆ ತುಸು ಹೆಚ್ಚು. ಒಂದೇ ಅಳತೆ ಇದ್ದರೆ ನೋಡಲು ಚೆಂದ, ಬಡಿಗನಿಗೆ ಹೇಳಲೂ ಸುಲಭ. ಕುಂಬಾರರ ಹುಡುಗಿ ಮೆಲ್ಲಗೆ, "ಸರ, ಓಬವ್ವಗ ಇಷ್ಟ ದೊಡ್ಡ ಬುಡ ಬ್ಯಾಡ್ರಿ, ಆಕಿ ಕಿಂಡಿ ಬಾಜೂಕ ನಿಂದರಬೇಕು" ಎಂದಳು. "ಎಲ್ಲರಿಗೂ ಒಂದೇ ನಿಯಮ" ಎಂದು ನಾವು ಮಾತು ಮುಗಿಸಿದೆವು.

ಪ್ರದರ್ಶನದ ಹಿಂದಿನ ದಿನ ಗೊಂಬೆ ಜೋಡಿಸಲು ಕುಳಿತಾಗ ನಿಯಮದ ಗುಟ್ಟು ರಟ್ಟಾಯಿತು. ಕಿಲ್ಲೆಯ ಬಾಗಿಲು ಮೂರೂವರೆ ಸೆಂಟಿಮೀಟರ್ ಅಗಲ, ಸಿಪಾಯಿಯ ಬುಡ ನಾಲ್ಕು. "ಸರ, ಇವ ತನ್ನ ಕಿಲ್ಲೇದಾಗ ತಾನ ಹೋಗವಲ್ಲ ನೋಡ್ರಿ" ಎಂದು ಒಬ್ಬ ಹುಡುಗ ನಕ್ಕ. ಅರವತ್ತು ಸೆಂಟಿಮೀಟರ್ ಗೋಡೆಯ ಮೇಲೆ ಹದಿನೆಂಟು ಜನರನ್ನು ನಿಲ್ಲಿಸುವ ಲೆಕ್ಕವಿತ್ತು. ಹದಿನಾಲ್ಕಕ್ಕೇ ಗೋಡೆ ತುಂಬಿತು. ಹಿಂದಿನ ಮುಖದಲ್ಲಿ ಇನ್ನೂ ಕಷ್ಟ. ಬುಡದ ಅಂಚು ಬಂಡೆಗೆ ತಾಗಿ ಓಬವ್ವ ಕಿಂಡಿಯಿಂದ ದೂರವೇ ಉಳಿದಳು. ಅವಳ ಒನಕೆ ಗಾಳಿಗೆ ಬೀಸಿದಂತೆ ಕಾಣುತ್ತಿತ್ತು. ಅವಸರದಲ್ಲಿ ನಾವೇ ಚಾಕು ತೆಗೆದುಕೊಂಡು ಆ ಬುಡವನ್ನು ಬಿಡಿಸಲು ಹೋದೆವು. ಅಂಟು ಗಟ್ಟಿಯಿತ್ತು, ಮಣ್ಣು ಮೆತ್ತಗಿತ್ತು. ಬುಡ ಬಿಡಲಿಲ್ಲ, ಓಬವ್ವನ ಮುಂದಿಟ್ಟ ಕಾಲು ಮುರಿಯಿತು. ಹುಡುಗಿ ಅಳಲಿಲ್ಲ, ಏನೂ ಅನ್ನಲಿಲ್ಲ. ಚೂರುಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಮನೆಗೆ ಹೋದಳು. ಬೈದಿದ್ದರೆ ನಮಗೆ ಹಗುರವಾಗುತ್ತಿತ್ತು.

ಆ ಸಂಜೆ ನಾವು ಉಳಿದ ಮಕ್ಕಳೊಡನೆ ಕೇರಂ ಮಣೆಯ ಮುಂದೆ ಕುಳಿತೆವು. ಕನ್ನಡ ಕಲಿಸುವ ನಾವು ಲೆಕ್ಕದಲ್ಲಿ ಅಷ್ಟಕ್ಕಷ್ಟೇ. ಆದರೆ ಮಣೆಯ ನಡುವೆ ಕೆಂಪು ರಾಣಿಯ ಸುತ್ತ ಆರು ಕಾಯಿ ಒತ್ತಾಗಿ ಕೂಡುವುದನ್ನು ಯಾರು ತಾನೆ ನೋಡಿಲ್ಲ? ಒಂದೇ ಅಳತೆಯ ಬಿಲ್ಲೆಗಳಾದರೆ ಒಂದರ ಸುತ್ತ ಆರೇ ಹಿಡಿಯುತ್ತವೆ. ರಾಣಿಯ ಜಾಗದಲ್ಲಿ ಸ್ಟ್ರೈಕರ್ ಇಟ್ಟು ನೋಡಿದೆವು. ಏಳನೆಯ ಕಾಯಿಗೂ ಎಡೆ ಸಿಕ್ಕಿತು. ಅಂದರೆ ದೊಡ್ಡ ಬುಡದ ವೀರನನ್ನು ಆರರ ಬದಲು ಏಳು ಶತ್ರುಗಳು ಮುತ್ತಬಹುದು. ದೊಡ್ಡ ಪೀಠ ಕೊಟ್ಟು ನಾವು ಅವನಿಗೆ ಮಾಡಿದ್ದು ಉಪಕಾರವಲ್ಲ.

ಬುಡ ಎಂಬುದು ಗೊಂಬೆ ಬೀಳದಿರಲೆಂದು ಇಟ್ಟ ಹಲಗೆಯ ಚೂರು ಮಾತ್ರವಲ್ಲ, ಅದು ಆ ಗೊಂಬೆಯ ಪಾಲಿನ ನೆಲ ಎಂಬುದು ನಮಗೆ ಆಗ ತಿಳಿಯಿತು. ಕವಾಯತಿನಲ್ಲಿ "ಒಂದು ಕೈ ಅಂತರ" ಎಂದು ನಿಮ್ಮನ್ನು ನಿಲ್ಲಿಸುತ್ತೇವಲ್ಲ, ಅದೇ ಲೆಕ್ಕ. ಆರು ಸೆಂಟಿಮೀಟರಿನ ಗೊಂಬೆ 165 ಸೆಂಟಿಮೀಟರ್ ಎತ್ತರದ ಆಳು ಎಂದುಕೊಂಡರೆ, ಗೊಂಬೆಯ ಒಂದು ಸೆಂಟಿಮೀಟರು ನಿಜದ ಇಪ್ಪತ್ತೇಳೂವರೆಗೆ ಸಮ. ಕೇರಂ ಕಾಯಿ ಸುಮಾರು 3.1 ಸೆಂಟಿಮೀಟರ್. ಅದರ ಮೇಲೆ ನಿಂತವನಿಗೆ 85 ಸೆಂಟಿಮೀಟರ್ ನೆಲ. ಪಕ್ಕದವನ ಮಗ್ಗುಲಲ್ಲೇ ಈಟಿ ಹಿಡಿದು ಸಾಲಾಗಿ ನಿಲ್ಲಲು ಅಷ್ಟು ಸಾಕು. ಸ್ಟ್ರೈಕರ್ 4.1 ಸೆಂಟಿಮೀಟರ್. ಅದರ ಮೇಲಿನವನಿಗೆ 113 ಸೆಂಟಿಮೀಟರ್ ನೆಲ. ಕತ್ತಿ ಬೀಸುವವನಿಗೆ ಅಷ್ಟು ಬೇಕು. ಅಕ್ಕಲಕೋಟದ ಅರಮನೆಯ ಶಸ್ತ್ರಸಂಗ್ರಹಾಲಯದಲ್ಲಿ ಹಳೆಯ ಕತ್ತಿಗಳನ್ನು ನೋಡಿದವರಿಗೆ ಈ ಮಾತು ಬೇಗ ಅರ್ಥವಾದೀತು. ಅಂಥ ಕತ್ತಿಯನ್ನು ಪಕ್ಕದವನಿಗೆ ತಗಲದಂತೆ ಬೀಸಲು ಎಷ್ಟು ಜಾಗ ಬೇಕೆಂದು ಒಮ್ಮೆ ಕೈ ಚಾಚಿ ನೋಡಿರಿ.

ಇದನ್ನು ಗಂಭೀರವಾಗಿ ಯೋಚಿಸಿದವರು ಬೇರೆ ದೇಶಗಳಲ್ಲಿಯೂ ಇದ್ದಾರೆ. ಪ್ರಷ್ಯಾದ ಸೇನಾಧಿಕಾರಿ ರೈಸ್ವಿಟ್ಸ್ ಎಂಬವನು 1824ರಲ್ಲಿ ಅಧಿಕಾರಿಗಳ ತರಬೇತಿಗಾಗಿ ಒಂದು ಯುದ್ಧದಾಟವನ್ನು ಪ್ರಕಟಿಸಿದ. ನೆಲವನ್ನು ಎಂಟು ಸಾವಿರದಲ್ಲಿ ಒಂದು ಪಾಲಿಗೆ ಇಳಿಸಿದ ನಕ್ಷೆಯ ಮೇಲೆ ಆಟ. ಸೈನ್ಯದ ದಳಗಳಿಗೆ ಬದಲಾಗಿ ಚಿಕ್ಕ ಚಿಕ್ಕ ತುಂಡುಗಳು. ದಳವೊಂದು ನಿಜವಾಗಿ ಎಷ್ಟು ಅಗಲಕ್ಕೆ ಹರಡಿ ನಿಲ್ಲುವುದೋ ಅದಕ್ಕೆ ತಕ್ಕಷ್ಟೇ ಅದರ ತುಂಡಿನ ಅಳತೆ. 1913ರಲ್ಲಿ ಇಂಗ್ಲೆಂಡಿನ ಲೇಖಕ ಎಚ್. ಜಿ. ವೆಲ್ಸ್ ಮಕ್ಕಳ ಆಟಿಗೆಯ ಸಿಪಾಯಿಗಳಿಂದ ಆಡುವ ಯುದ್ಧಕ್ಕೆ ನಿಯಮ ಬರೆದು, 'ಲಿಟಲ್ ವಾರ್ಸ್' ಎಂಬ ಪುಸ್ತಕ ಮಾಡಿದ. ಈಗ ಮೇಜಿನ ಮೇಲೆ ಇಂಥ ಆಟ ಆಡುವವರು ಬಿಡಿಯಾಗಿ ತಿರುಗುವ ಸಿಪಾಯಿಗೆ 25, 32 ಅಥವಾ 40 ಮಿಲಿಮೀಟರಿನ ದುಂಡು ಬುಡ ಕೊಡುತ್ತಾರೆ. ಸಾಲುಗಟ್ಟಿ ಸಾಗುವ ಸಿಪಾಯಿಗೆ ನಡುವೆ ಸಂದು ಉಳಿಯದಂತೆ ಚೌಕ ಬುಡ. ಕುದುರೆಗೆ ಉದ್ದನೆಯ ಬುಡ. ಅಂದವಾಗಲೆಂದು ಮನಬಂದಂತೆ ಬುಡ ಬದಲಿಸಿದರೆ ಆಟದ ನ್ಯಾಯವೇ ಕೆಡುತ್ತದೆ. ಬುಡ ಹಿಗ್ಗಿದರೆ ಶತ್ರುಗಳು ಹೆಚ್ಚು. ಬುಡ ಕುಗ್ಗಿದರೆ ಸಣ್ಣ ಸಂದಿಯಲ್ಲೂ ದಾರಿ.

ಬಾಜೀಪ್ರಭುವಿನ ಕಣಿವೆಯ, ಓಬವ್ವನ ಕಿಂಡಿಯ ಗುಟ್ಟೂ ಇದೇ ಅಲ್ಲವೇ? ಹಿಂದೆ ಎಷ್ಟು ಸಾವಿರ ಜನರಿದ್ದರೇನು, ಎದುರಿಗೆ ಬರಬಲ್ಲವರು ಆ ಜಾಗ ಹಿಡಿಯುವಷ್ಟೇ ಮಂದಿ. "ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂದು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇವೆ. ಹಾಸಿಗೆ ಎಷ್ಟಿದೆ ಎಂದು ಅಳೆಯುವುದನ್ನು ಮಾತ್ರ ನಾವು ಮರೆತಿದ್ದೆವು.

ಮರುದಿನ ಬೆಳಿಗ್ಗೆ ಕೆಲಸವನ್ನು ತಿರುವುಮುರುವು ಮಾಡಿದೆವು. ಮೊದಲು ಬಾಗಿಲು, ಗೋಡೆ, ಮೆಟ್ಟಿಲು, ಕಿಂಡಿ ಅಳೆದೆವು. ಆಮೇಲೆ ಯಾರು ಎಲ್ಲಿ ನಿಲ್ಲಬೇಕು, ಅವರ ಕೈಯಲ್ಲಿ ಏನಿದೆ, ಪಕ್ಕದಲ್ಲಿ ಯಾರಿದ್ದಾರೆ ಎಂದು ಬರೆದೆವು. ಬುಡದ ಅಳತೆ ಕೊನೆಗೆ. ಹಿಂದಿನ ದಿನದ ಪಾಠ ನೆನಪಿತ್ತು. ಚಾಕು ಮುಟ್ಟದೆ, ಪ್ಲೈವುಡ್ಡಿನ ಅಂಚನ್ನೇ ಉಜ್ಜುಕಾಗದದಿಂದ ಸವೆಸಿದೆವು. ಗೋಡೆಯ ಮೇಲಿನವರಿಗೆ ಕೇರಂ ಕಾಯಿಯ ಅಳತೆ. ಹದಿನೆಂಟು ಜನರೂ ಹಿಡಿದರು, ಬಾಗಿಲೊಳಗೂ ಹೋದರು. ಇಳಿಜಾರಿನಲ್ಲಿ ಕತ್ತಿ ಎತ್ತಿದವರಿಗೆ ಸ್ಟ್ರೈಕರಿನ ಅಳತೆಯೇ ಉಳಿಯಿತು. ಅಲ್ಲಿ ಬುಡ ಅಗಲವಿಲ್ಲದಿದ್ದರೆ ನಿಲ್ಲುವುದಿಲ್ಲ. ಸೊಲ್ಲಾಪುರದ ಭುಯಿಕೋಟ ಕಿಲ್ಲೆಯನ್ನು ನೆನೆಯಿರಿ. ಗುಡ್ಡದ ಆಸರೆ ಇಲ್ಲದೆ ಬಯಲಲ್ಲಿ, ಸಿದ್ಧೇಶ್ವರ ಕೆರೆಯ ಮಗ್ಗುಲಲ್ಲಿ ನಿಂತ ಅದಕ್ಕೆ ಎರಡು ಸುತ್ತಿನ ಗೋಡೆ, ಕಂದಕ ಬೇಕಾಯಿತು. ಗುಡ್ಡದ ಕಿಲ್ಲೆಗೆ ಗುಡ್ಡವೇ ಗೋಡೆ. ಎಲ್ಲಿ ನಿಂತಿದೆ ಎಂಬುದರ ಮೇಲೆ ಅದರ ಅಗತ್ಯ.

ಪ್ರಾರ್ಥನೆಯ ಗಂಟೆಗೆ ಕುಂಬಾರರ ಹುಡುಗಿ ಬಂದಳು. ರಾತ್ರಿ ಅಜ್ಜಿಯೊಡನೆ ಕುಳಿತು ಓಬವ್ವನ ಕಾಲನ್ನು ಮತ್ತೆ ಕೂಡಿಸಿದ್ದಳು. ಕೆಳಗೆ ಹತ್ತು ರೂಪಾಯಿ ನಾಣ್ಯದಷ್ಟು, ಅಂದರೆ 27 ಮಿಲಿಮೀಟರಿನ ಬುಡ. ಬಂಡೆಯ ಕಡೆಯ ಅಂಚನ್ನು ತುಸು ನೇರವಾಗಿ ತೇದಿದ್ದಳು. ಇಟ್ಟು ನೋಡಿದರೆ ಓಬವ್ವ ಬಂಡೆಗೆ ಬೆನ್ನು ತಾಗಿಸಿ, ಕಿಂಡಿಯ ಮೇಲೆಯೇ ಒನಕೆ ಎತ್ತಿ ನಿಂತಳು. ನಾವು ಎಲ್ಲ ಮಕ್ಕಳ ಎದುರಿಗೆ, "ತಪ್ಪಾತವ್ವ, ನಿನ್ನ ಮಾತು ಕೇಳಬೇಕಿತ್ತು" ಎಂದೆವು. ಅವಳು ತಲೆ ತಗ್ಗಿಸಿ, "ಇರಲಿ ಬಿಡ್ರಿ ಸರ, ಈಗ ನಿಂತಳಲ್ರಿ" ಎಂದಳು.

ಪಾಲಕರೇ, ಇಪ್ಪತ್ತು ವರ್ಷ ಪಾಠ ಹೇಳಿದ ಮೇಲೆ ನಮಗೆ ಈ ಬುದ್ಧಿ ಬಂದಿದೆ. ತರಗತಿಯಲ್ಲಿಯೂ ನಾವು ನಲವತ್ತು ಮಕ್ಕಳಿಗೆ ಒಂದೇ ಬಿಲ್ಲೆ ಕೊರೆಸಿ, ಸಾಲು ಚೆಂದ ಕಾಣುತ್ತದೆಂದು ಹಿಗ್ಗಿದ್ದುಂಟು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ, ಪುಸ್ತಕದಲ್ಲಿ ಇಂಗ್ಲಿಷ್ ಎಂದು ಮೂರು ನೆಲದ ಮೇಲೆ ಕಾಲಿಡುವ ಮಕ್ಕಳಿವರು. ಒಬ್ಬನಿಗೆ ಅಗಲವಾದ ನೆಲ ಬೇಕು; ಇನ್ನೊಬ್ಬಳು ಇಕ್ಕಟ್ಟಿನಲ್ಲಿಯೇ ಗಟ್ಟಿಯಾಗಿ ನಿಲ್ಲಬಲ್ಲಳು. ಬುಡ ಕೊಡುವ ಮುಂಚೆ ಕೇಳುವುದು ನಮ್ಮ ಕೆಲಸ.

ಕಿಲ್ಲೆ ಈಗ ಮತ್ತೆ ಮಣ್ಣಾಗಿದೆ. ಗೊಂಬೆಗಳು ಮಾತ್ರ ಶಾಲೆಯ ಕಪಾಟಿನಲ್ಲಿವೆ. ಓಬವ್ವನ ಕಾಲಿನ ಬಿರುಕು ಹತ್ತಿರದಿಂದ ನೋಡಿದರೆ ಕಾಣುತ್ತದೆ. ಅದರ ಮೇಲೆ ಬಣ್ಣ ಬಳಿಯಲೇ ಎಂದು ಹುಡುಗಿ ಕೇಳಿದಳು. ಬೇಡ, ನಮ್ಮ ನೆನಪಿಗೆ ಹಾಗೆಯೇ ಇರಲಿ ಎಂದಿದ್ದೇವೆ.