ಕಾಫಿಪುಡಿ ಇಲಿಯ ಮೇಲೊಂದು ಅಪವಾದ

ಮೊನ್ನೆ ಮಗಳು ಸಾಕೋಕೆ ಬಿಳಿ ಇಲಿ ಬೇಕು ಅಂತ ಹಠ ಹಿಡಿದಳು. ಬೇಡ ಅಂದೆ. ಯಾಕೆ ಅಂದಿದ್ದಕ್ಕೆ ಉತ್ತರ ಕೊಡಲಿಲ್ಲ. ಅವಳಿಗೆ ಹೇಳದ್ದನ್ನು ಇಲ್ಲಿ ಹೇಳ್ಕೋತೀನಿ..

ನಾನಾಗ ಏಳನೇ ಕ್ಲಾಸು. ಅಪ್ಪನಿಗೆ ಮಂಡ್ಯದ ವಿ.ಸಿ. ಫಾರಂನಲ್ಲಿ ಕೆಲಸ, ಅಲ್ಲೇ ಕ್ವಾರ್ಟರ್ಸು. ಬೆಂಗಳೂರಿನಿಂದ ಮಾವ ಎರಡು ಇಲಿ ತಂದುಕೊಟ್ಟಿದ್ದರು. ಗಂಡು ಹಾಲಿನಷ್ಟು ಬಿಳಿ, ಕೆಂಪು ಕಣ್ಣು. ಹೆಣ್ಣು ಥೇಟ್ ಕಾಫಿಪುಡಿ ಬಣ್ಣ. (ಭತ್ತ ತಿನ್ನೋ ಇಲಿಗೆ ಬೋನಿಡೋ ಜಾಗದಲ್ಲಿ, ಬೋನೊಳಗಿಟ್ಟು ಭತ್ತ ತಿನ್ನಿಸೋನು ನಾನೊಬ್ಬನೇ!) ಹೆಣ್ಣಿನ ಹೊಟ್ಟೆ ದಪ್ಪಗಾಗುತ್ತಲೇ ಗಂಡನ್ನು ತಮ್ಮ ತನ್ನ ಗೆಳೆಯನಿಗೆ ದಾಟಿಸಿಬಿಟ್ಟ.

ಏಳು ಮರಿ ಹುಟ್ಟಿದವು. ಬಿಳಿ ಎಷ್ಟು, ಕಾಫಿ ಎಷ್ಟು ಅಂತ ಪಂಥ ಕಟ್ಟಿದ್ದೆವು. ವಾರ ಕಳೆದು ಕೂದಲು ಬಂದಾಗ ನೋಡಿದರೆ ಏಳಕ್ಕೆ ಏಳೂ ಬೂದುಗಂದು, ಗೋಡೌನಲ್ಲಿ ಓಡಾಡೋ ಇಲಿಯದೇ ಬಣ್ಣ. "ಯಾವ್ದೋ ಕಳ್ಳಿಲಿ ನುಗ್ಗೈತೆ ಕಣ್ಲಾ" ಅಂದ್ರು ಅಪ್ಪ. ಬೋನಿನ ತಂತಿಯೂ ಒಂದು ಕಡೆ ಸಡಿಲವಾಗಿತ್ತು. ನನಗೋ ಅವಮಾನ. ಕಣ್ಣು ಬಿಟ್ಟ ದಿನವೇ ಏಳನ್ನೂ ಡಬ್ಬಿಗೆ ಹಾಕಿಕೊಂಡು ಹೋಗಿ ನಾಲೆ ಏರಿ ಮೇಲೆ ಬಿಟ್ಟು ಬಂದೆ. ಹಾಲು ಬಿಟ್ಟಿರದ ಮರಿಗಳು.. ಬದುಕೋಲ್ಲ ಅಂತ ಆಗಲೇ ಗೊತ್ತಿತ್ತು.

ಕಾಲೇಜಲ್ಲಿ ಮೆಂಡಲ್ ಪಾಠ ಬಂದಾಗ ಎದೆ ಧಸಕ್ ಅಂತು. ಇಲಿಯಲ್ಲಿ ಆ ಬಿಳಿ ಬಣ್ಣವೇ ಅಲ್ಲ ಕಣ್ರೀ. ಬಣ್ಣ ತಯಾರಿಸೋ ಜೀನಿನ ಎರಡೂ ಪ್ರತಿ ಕೆಟ್ಟಿದ್ದರೆ, ಒಳಗೆ ಯಾವ ಬಣ್ಣದ ಲೆಕ್ಕವಿದ್ದರೂ ಹೊರಗೆ ಬಿಳಿಯೇ. ಸುಣ್ಣ ಬಳಿದ ಗೋಡೆ ಥರ. ನಮ್ಮ ಬಿಳಿಯಪ್ಪನ ಸುಣ್ಣದಡಿ ಕಾಡುಬಣ್ಣ ಅಡಗಿದ್ದರೆ, ತಾಯಿಯಿಂದ ಕೆಲಸ ಮಾಡೋ ಜೀನ್ ಒಂದು ಸಿಕ್ಕಿದ್ದೇ ಸಾಕು, ಮರಿಗಳಲ್ಲಿ ಅದು ಹೊರಗೆ ಬರುತ್ತೆ. ಬೂದು ಇಲಿಗೂ ಬಿಳಿ ಇಲಿಗೂ ಕೂಡಿಸಿ ಫ್ರಾನ್ಸಿನ ಕ್ಯುಏನೋ 1902ರಲ್ಲೇ ಮೆಂಡಲ್ ನಿಯಮ ಪ್ರಾಣಿಗಳಿಗೂ ಸಲ್ಲುತ್ತೆ ಅಂತ ತೋರಿಸಿದ್ದ.

ಅಷ್ಟು ದೂರ ಯಾಕೆ, ರಾಗಿ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಗೂ ನಮ್ಮ ರಾಗಿಗೂ ಕೂಡಿಸಿ ಇಂಡಾಫ್ ತಳಿಗಳನ್ನು ತೆಗೆದ ಫಾರಂ ಅದು! ಮಕ್ಕಳ ಪೀಳಿಗೆ ನೋಡಿ ಬಿಸಾಡಬಾರದು, ಮೊಮ್ಮಕ್ಕಳವರೆಗೆ ಕಾಯಬೇಕು ಅಂತ ಹೇಳೋರು ಸುತ್ತಮುತ್ತ ಎಷ್ಟು ಜನ ಇದ್ದರೋ. ನಾನು ಯಾರನ್ನೂ ಕೇಳಲಿಲ್ಲ.

ಹಾಗಂತ ಕಳ್ಳಿಲಿ ಬಂದೇ ಇರಲಿಲ್ಲ ಅಂತಲೂ ಹೇಳೋಕಾಗಲ್ಲ. ಬಂದಿದ್ದರೂ ಇದೇ ಬಣ್ಣ. ಆ ಮರಿಗಳನ್ನೇ ಬೆಳೆಸಿ ಒಂದಕ್ಕೊಂದು ಕೂಡಿಸಿದ್ದರೆ ಗೊತ್ತಾಗ್ತಿತ್ತು. ಅಪ್ಪ ಬಿಳಿಯದೇ ಆಗಿದ್ದರೆ ಸುಮಾರು ನಾಲ್ಕಕ್ಕೊಂದು ಮೊಮ್ಮರಿ ಬಿಳಿ.

ನಾಲೆಯಿಂದ ಬಂದ ರಾತ್ರಿ ಆ ಕಾಫಿಪುಡಿ ಇಲಿ ಬೋನಿನ ಮೂಲೆ ಮೂಲೆಯ ಹತ್ತಿ ಕೆದಕಿ ಹುಡುಕುತ್ತಲೇ ಇತ್ತು. ಮಗಳು ನಿನ್ನೆಯೂ ಕೇಳಿದಳು.